ಡಿಕ್ಕಿಯಲ್ಲಿದ್ದ ಕೋವಿ ಯಾರದು

ಆರ್ಟೀಸಿಯಾ

ಯಾವ ದೇವರಿಗೆ ಹಾರ ಎಂದು ಹೂವಿನಂಗಡಿಯ ಗುಜರಾತಿ ಹೆಂಗಸು ಕೇಳಿದಳು. ದೇವರ ಹೆಸರು ಹೇಳಿದರೆ ಅಳತೆ ಅವಳಿಗೇ ಗೊತ್ತಾಗುತ್ತದಂತೆ. "ದೇವರಿಗಲ್ಲ, ಕೋವಿಗೆ" ಎಂದಳು ನನ್ನ ಗೆಳತಿ ಮುತ್ತಮ್ಮ. ದಾರ ಸುತ್ತುತ್ತಿದ್ದ ಕೈ ನಿಂತಿತು. ಅಂಗಡಿಯವಳು ಮೊದಲು ಮುತ್ತಮ್ಮನನ್ನು, ಆಮೇಲೆ ನನ್ನನ್ನು ನೋಡಿದಳು. ನಾನು ಎದುರಿನ ಮಿಠಾಯಿ ಅಂಗಡಿಯ ಕಡೆ ತಿರುಗಿ ನಿಂತೆ.

ಮುತ್ತಮ್ಮ ಮತ್ತು ನಾನು ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅವಳು ಕೊಡಗಿನವಳು. ಮದುವೆಯಾಗಿ ಅಮೆರಿಕಕ್ಕೆ ಬಂದು, ಲಾಸ್ ಏಂಜಲೀಸ್ ಹೊರವಲಯದ ವೆಸ್ಟ್ ಕೊವಿನಾದಲ್ಲಿ ನೆಲೆಯಾದಳು. ನಾನು ಮೈಸೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಮೂವತ್ತೊಂದು ವರ್ಷ ಬೇರೆಯವರ ವಾಕ್ಯಗಳನ್ನು ತಿದ್ದಿ ನಿವೃತ್ತಳಾದೆ. "ಇನ್ನೇನು ನೆಪ ಇದೆ ನಿಂಗೆ? ಬಾರೇ" ಎಂದು ಅವಳು ಕರೆದಳು. ಪ್ರವಾಸಿ ವೀಸಾ ಮಾಡಿಸಿಕೊಂಡು ಬಂದೆ.

ನಾನು ಬಂದದ್ದು ಸೆಪ್ಟೆಂಬರ್ ಮೊದಲ ವಾರ. ಕೊಡವರಿಗೆ ಅದು ಕೈಲ್‌ಪೊಳ್ದ್, ಆಯುಧಪೂಜೆಯ ಹಬ್ಬ. ಮನೆಯ ಕೋವಿಯನ್ನು ತೊಳೆದು, ಗಂಧವಿಟ್ಟು, ಹೂವಿಟ್ಟು ಪೂಜಿಸುತ್ತಾರೆ. ಆಮೇಲೆ ಬಯಲಿಗೆ ಹೋಗಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಊರಿನಲ್ಲಿ ಇದಕ್ಕೆಂದೇ ಒಂದು ಕಾಡುಹೂವಿದೆ. ಅದು ಇಲ್ಲಿ ಸಿಗುವುದಿಲ್ಲವಾದ್ದರಿಂದ, ಭಾರತೀಯ ಅಂಗಡಿಗಳ ಪೇಟೆಯಾದ ಆರ್ಟೀಸಿಯಾದ ಚೆಂಡುಹೂವಿನ ಹಾರ.

ಹಾರದ ಪೊಟ್ಟಣವನ್ನು ನನ್ನ ತೊಡೆಯ ಮೇಲಿಟ್ಟು ಕಾರು ಓಡಿಸುತ್ತ ಮುತ್ತಮ್ಮ ಕೋವಿಯ ಕಥೆ ಹೇಳಿದಳು. ಅದನ್ನು ಕೊಂಡವರು ಅವಳ ಗಂಡನ ದೊಡ್ಡಪ್ಪನ ಮಗ, ಸ್ಯಾನ್ ಡಿಯೇಗೊದಲ್ಲಿದ್ದ ಅಪ್ಪಯ್ಯ. ಕೋವಿಡ್ ಕಾಲದಲ್ಲಿ ಅವರು ತೀರಿಕೊಂಡರು. ವರ್ಷದ ತಿಥಿಗೆ ಸೇರಿದ ಗಂಡಸರು ಕೋವಿಯನ್ನು ಬೀರುವಿನಿಂದ ತೆಗೆದು, ಅವರ ನಂತರದ ಹಿರಿಯನಾದ ಇವಳ ಗಂಡ ನಂಜಪ್ಪನ ಕೈಗೆ ಕೊಟ್ಟರು.

"ಕಾಗದ ಪತ್ರ?" ಎಂದೆ.

"ಕಾಗದ ಯಾಕೆ? ನಮ್ಮಲ್ಲಿ ಕೋವಿ ಒಬ್ಬರದ್ದಲ್ಲ ಕಣೇ, ಒಕ್ಕದ್ದು. ಇಡೀ ಮನೆತನದ್ದು. ಯಾರು ಹಿರಿಯರೋ ಅವರ ಮನೇಲಿರುತ್ತೆ."

"ಇದು ಕೊಡಗಲ್ಲವಲ್ಲ."

"ನೀನು ರಿಟೈರ್ ಆಗಿದ್ದೀಯ ಅಂದ್ಕೊಂಡಿದ್ದೆ" ಎಂದು ಅವಳು ಸಿಗ್ನಲ್ ದಾಟಿದಳು.

ವೆಸ್ಟ್ ಕೊವಿನಾ

ಬೆಳಿಗ್ಗೆ ಏಳಕ್ಕೆಲ್ಲ ಪೂಜೆ ಮುಗಿದಿತ್ತು. ಊಟದ ಮೇಜಿನ ಮೇಲೆ ಜೋಡಿ ನಳಿಗೆಯ ಕೋವಿ. ಅದರ ಮರದ ಹಿಡಿಗೆ ಗಂಧದ ಮೂರು ಬೊಟ್ಟು, ನಳಿಗೆಗೆ ಚೆಂಡುಹೂ. ಪಕ್ಕದಲ್ಲಿ ಅಕ್ಕಿಯ ಉಂಡೆ ಕಡಂಬುಟ್ಟು ಮತ್ತು ಹಂದಿಮಾಂಸದ ಪಂದಿಕರಿ. ಸಸ್ಯಾಹಾರಿಯಾದ ನನಗೆ ಉಪ್ಪಿನಕಾಯಿ. ನಂಜಪ್ಪ ಲಾಂಗ್ ಬೀಚ್ ಬಂದರಿನಲ್ಲಿ ಕಂಟೇನರ್ ಎತ್ತುವ ಕ್ರೇನುಗಳ ಇಂಜಿನಿಯರ್ ಆಗಿದ್ದವರು. ಯಾವ ಕೆಲಸವನ್ನೂ ಅಳತೆ ತಪ್ಪಿ ಮಾಡುವವರಲ್ಲ. ಕೋವಿ ಖಾಲಿಯಿದೆಯೆಂದು ಎರಡು ಸಲ ನಳಿಗೆ ಬಗ್ಗಿಸಿ ತೆರೆದು ನೋಡಿ, ಹಾರದ ಸಮೇತ ಉದ್ದನೆಯ ಕಪ್ಪು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ತೋಟಾಗಳು ಬೇರೆ ಡಬ್ಬಿಯಲ್ಲಿ, ಅದಕ್ಕೂ ಬೀಗ. ಕ್ಯಾಲಿಫೋರ್ನಿಯಾದ ನಿಯಮ ಹಾಗಿದೆಯೆಂದು ನನಗೆ ವಿವರಿಸಿದರು. ಆಗ ಗ್ಯಾರೇಜಿನ ಬಾಗಿಲು ತೆರೆಯಬೇಕಾಯಿತು.

"ಶಾರದಾ ಅವರೆ, ಒಂಚೂರು ಹಿಡ್ಕೊಳ್ಳಿ."

ಪೆಟ್ಟಿಗೆಯನ್ನು ಹಿಡಿದುಕೊಂಡೆ. ಹಜಾರದಿಂದ ಕಾರಿನವರೆಗೆ ಹತ್ತು ಹನ್ನೆರಡು ಹೆಜ್ಜೆ. ಡಿಕ್ಕಿಯಲ್ಲಿ ನಾನೇ ಇಟ್ಟೆ.

ಹೆದ್ದಾರಿಗೆ ಏರಿ ಅರ್ಧ ಗಂಟೆಯಾಗಿತ್ತು. ನಂಜಪ್ಪ ನಗುತ್ತ ಹೇಳಿದರು: "ನಿಮ್ಮ ಥರ ಟೂರಿಸ್ಟ್ ವೀಸಾದಲ್ಲಿ ಬಂದವರು ಇಲ್ಲಿ ಕೋವಿ ಮುಟ್ಟೋ ಹಾಗಿಲ್ಲ, ಗೊತ್ತಾ? ಬೇಟೆ ಲೈಸೆನ್ಸ್ ಇದ್ರೆ ಬೇರೆ ವಿಷಯ. ಇಲ್ದಿದ್ರೆ ಫೆಡರಲ್ ಕೇಸು."

"ಬೆಳಿಗ್ಗೆ ನನ್ನ ಕೈಗೇ ಕೊಟ್ಟಿರಲ್ಲ."

"ಓ" ಎಂದರು. ನಗು ಅಲ್ಲಿಗೇ ನಿಂತಿತು. "ಅದು ಪೆಟ್ಟಿಗೆ. ಪೆಟ್ಟಿಗೆ ಲೆಕ್ಕಕ್ಕಿಲ್ಲ ಬಿಡಿ."

ಲೆಕ್ಕಕ್ಕಿದೆಯೋ ಇಲ್ಲವೋ ಅವರಿಗೂ ತಿಳಿದಿರಲಿಲ್ಲ. ಆಮೇಲೆ ಕಿಟಕಿಯಾಚೆ ಏನೇನು ಹಾದುಹೋಯಿತು ಎಂದರೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಏನೂ ಇಲ್ಲ.

ಗುಡ್ಡದ ದಾರಿ

ಪಂದ್ಯ ನಡೆಯಬೇಕಿದ್ದದ್ದು ಸ್ಯಾನ್ ಡಿಯೇಗೊ ಸೀಮೆಯ ಒಳನಾಡಿನಲ್ಲಿ. ಅಲ್ಲಿನ ಗುಡ್ಡಗಳ ಆಚೆ ಗುರಿ ಅಭ್ಯಾಸದ ಮೈದಾನವೊಂದನ್ನು ದಕ್ಷಿಣ ಕ್ಯಾಲಿಫೋರ್ನಿಯಾದ ಕೊಡವರು ಒಂದು ದಿನಕ್ಕೆ ಗೊತ್ತುಮಾಡಿದ್ದರು. ಹೆದ್ದಾರಿ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೂರ್ವದ ಆಕಾಶ ಕಂದಿತು. ಎಲ್ಲೋ ಬೆಂಕಿ ಬಿದ್ದಿತ್ತು. ಊರಿನಲ್ಲಿ ಕಾಳ್ಗಿಚ್ಚೆಂದರೆ ಬೇಸಿಗೆಯ ಮಾತು, ಫೆಬ್ರವರಿ ಮಾರ್ಚಿನದು. ಇಲ್ಲಿ ಮಳೆಯನ್ನೇ ಕಾಣದ ಬೇಸಿಗೆ ಕಳೆದು ಸೆಪ್ಟೆಂಬರಿಗೆ ಗುಡ್ಡಗಳೆಲ್ಲ ಒಣಹುಲ್ಲಿನ ಬಣವೆಯಾಗಿರುತ್ತವೆ. ದೊಡ್ಡ ರಸ್ತೆ ಮುಚ್ಚಿದೆಯೆಂದು ಫೋನಿನ ನಕ್ಷೆ ಹೇಳಿತು. ಎಡಕ್ಕೆ ತಿರುಗಿ ಎಂದಿತು. ತಿರುಗಿದೆವು.

ಕಿರಿದಾದ ದಾರಿ. ಎರಡೂ ಬದಿ ಓಕ್ ಮರಗಳು, ಕಲ್ಲುಬಂಡೆ. ಒಂದು ತಿರುವಿನಲ್ಲಿ ಫಲಕ: ನೀವು ಮೂಲನಿವಾಸಿ ಬುಡಕಟ್ಟಿನ ಮೀಸಲು ನೆಲವನ್ನು ಪ್ರವೇಶಿಸುತ್ತಿದ್ದೀರಿ, ಇಲ್ಲಿ ಬುಡಕಟ್ಟಿನ ಕಾನೂನು ಅನ್ವಯಿಸುತ್ತದೆ. ಮುತ್ತಮ್ಮ ಅದನ್ನು ಗಟ್ಟಿಯಾಗಿ ಓದಿದಳು. ನಂಜಪ್ಪ ವೇಗ ಇಳಿಸಿದರು.

ಇನ್ನರ್ಧ ಮೈಲಿಗೆ ಬುಡಕಟ್ಟಿನದೇ ಪೊಲೀಸ್ ವಾಹನ ಅಡ್ಡ ನಿಂತಿತ್ತು. ಬೆಂಕಿಯ ಭಯಕ್ಕೆ ಜನ ಮನೆ ಬಿಟ್ಟು ಹೋಗುತ್ತಿದ್ದುದರಿಂದ ಹೊರಗಿನವರ ಕಾರುಗಳನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದರು. ನಮ್ಮ ಕಿಟಕಿಗೆ ಬಂದದ್ದು ಐವತ್ತು ದಾಟಿದ ಅಧಿಕಾರಿಣಿ. ಓದುವ ಕನ್ನಡಕವನ್ನು ನೆತ್ತಿಗೇರಿಸಿದ್ದಳು. ಎಲ್ಲಿಗೆ, ಏಕೆ ಎಂದು ವಿಚಾರಿಸಿದಳು. ಆಮೇಲೆ, "ಕಾರಿನಲ್ಲಿ ನನಗೆ ಗೊತ್ತಿರಬೇಕಾದದ್ದು ಏನಾದರೂ ಇದೆಯೇ?"

ಅಲ್ಲಿ ಇಲ್ಲ ಎಂದಿದ್ದರೆ ಬಹುಶಃ ಹೋಗಲು ಬಿಡುತ್ತಿದ್ದಳು. ನಂಜಪ್ಪ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು, "ಇದೆ. ಡಿಕ್ಕಿಯಲ್ಲಿ ಕೋವಿ. ಬೀಗ ಹಾಕಿದೆ" ಎಂದರು.

ಪೆಟ್ಟಿಗೆ ತೆರೆಸಿದಳು. ಮುಚ್ಚಳ ಎತ್ತಿದ ಕೂಡಲೇ ಚೆಂಡುಹೂವಿನ ವಾಸನೆ. ಅವಳು ಕನ್ನಡಕ ಇಳಿಸಿ ಹಾರ ನೋಡಿದಳು, ಗಂಧದ ಬೊಟ್ಟು ನೋಡಿದಳು.

"ಇದೇನು?"

"ಪೂಜೆ ಮಾಡಿದೀವಿ" ಎಂದರು ನಂಜಪ್ಪ.

"ನಿಮ್ಮದೇ ಕೋವಿಯೇ?"

"ನನ್ನದೇ."

"ಹಾಗೆಂದು ತೋರಿಸಲು ಏನಿದೆ?"

ನಂಜಪ್ಪ ಪರ್ಸಿನಿಂದ ಪ್ಲಾಸ್ಟಿಕ್ ಹೊದಿಸಿದ ಹಳೆಯ ಕಾಗದವೊಂದನ್ನು ತೆಗೆದುಕೊಟ್ಟರು. ನಾನು ಬಗ್ಗಿ ನೋಡಿದೆ. ಮಡಿಕೇರಿಯ ಜಿಲ್ಲಾ ಕಚೇರಿಯ ಮೊಹರು. ಕೊಡವನಾದ ಈತನಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲವೆಂಬ ವಿನಾಯಿತಿ ಪತ್ರ. ಬಂದರಿನಲ್ಲಿ ಅಷ್ಟು ವರ್ಷ ದುಡಿದ ಇಂಜಿನಿಯರು ಅದನ್ನು ಇಷ್ಟು ಕಾಲ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರು.

ಅಧಿಕಾರಿಣಿ ಎರಡೂ ಬದಿ ಓದಿದಳು. "ಈ ಊರು ಯಾವ ಕೌಂಟಿಯಲ್ಲಿದೆ?"

"ಇಂಡಿಯಾದಲ್ಲಿ. ನಮ್ಮ ಜನಕ್ಕೆ ಲೈಸೆನ್ಸ್ ಬೇಕಾಗಿಲ್ಲ. ಹುಟ್ಟಿನಿಂದಲೇ ಬಂದ ಹಕ್ಕು."

"ನಿಮ್ಮ ನೆಲದಲ್ಲಿ ಇರಬಹುದು" ಎಂದಳು. ಸಿಟ್ಟೇನೂ ಇರಲಿಲ್ಲ. "ಇದು ನಮ್ಮ ನೆಲ."

ಕೋವಿಯ ಮೇಲಿನ ನಂಬರನ್ನು ಪುಸ್ತಕಕ್ಕೆ ಬರೆದುಕೊಂಡು ತನ್ನ ವಾಹನಕ್ಕೆ ಹೋಗಿ ರೇಡಿಯೊದಲ್ಲಿ ಓದಿ ಹೇಳಿದಳು. ಗಾಳಿಯಲ್ಲಿ ಬೂದಿಯ ಸಣ್ಣ ಚೂರುಗಳು. ಒಂದು ಮುತ್ತಮ್ಮನ ಕೂದಲ ಮೇಲೆ ಇಳಿಯಿತು. ತೆಗೆಯೋಣವೆಂದು ಕೈ ಎತ್ತಿದವಳು, ಕೈ ಎತ್ತಬಾರದೇನೋ ಎನ್ನಿಸಿ ಇಳಿಸಿದೆ.

ಅಧಿಕಾರಿಣಿ ಮರಳಿ ಬಂದಾಗ ನಡಿಗೆ ಬದಲಾಗಿತ್ತು. ಜೊತೆಗೆ ಇನ್ನೊಬ್ಬ ಅಧಿಕಾರಿಯಿದ್ದ.

"ದಾಖಲೆಯ ಪ್ರಕಾರ ಈ ಕೋವಿ ನಿಮ್ಮದಲ್ಲ" ಎಂದಳು. "ಒಬ್ಬ ಹೆಂಗಸಿನ ಹೆಸರಿನಲ್ಲಿದೆ." ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದಳು.

ತಂಗಮ್ಮ. ಅಪ್ಪಯ್ಯನವರ ಹೆಂಡತಿ.

ನಂಜಪ್ಪ ಆ ಹೆಸರನ್ನು ಎರಡು ಸಲ ಓದಿದರು. "ಇದು ಹೇಗೆ?" ಎಂದರು, ಕನ್ನಡದಲ್ಲಿ, ಯಾರಿಗೂ ಅಲ್ಲ.

ಬೆಂಚು

ನಮ್ಮನ್ನು ಕರೆದೊಯ್ದ ಪೊಲೀಸ್ ಕಚೇರಿ ಒಂದೇ ಅಂತಸ್ತಿನ ಕಟ್ಟಡ. ಒಳಗೆ ಬುಡಕಟ್ಟಿನ ಬಾವುಟ, ಹಳೆಯ ತಲೆಮಾರಿನವರ ಕಪ್ಪುಬಿಳುಪು ಫೋಟೊಗಳು, ನೀರಿನ ಯಂತ್ರ, ಗೋಡೆಗೊರಗಿಸಿದ ಉದ್ದನೆಯ ಮರದ ಬೆಂಚು. ಬೆಂಚು ಮಾತ್ರ ಮೈಸೂರಿನ ಯಾವ ಠಾಣೆಯಲ್ಲಾದರೂ ಇರಬಹುದಾಗಿತ್ತು. ತಿದ್ದುವ ಕೆಲಸಕ್ಕೆ ಮೊದಲು ಸ್ವಲ್ಪ ಕಾಲ ವರದಿಗಾರ್ತಿಯಾಗಿದ್ದಾಗ ಅಂಥ ಬೆಂಚುಗಳ ಎದುರು ನಿಂತಿದ್ದೇನೆ. ಕೂತದ್ದು ಅದೇ ಮೊದಲು.

ಒಬ್ಬೊಬ್ಬರನ್ನೇ ಒಳಗೆ ಕರೆದು, ಕೋವಿ ಯಾರದು ಎಂದು ಒಂದೇ ಪ್ರಶ್ನೆ ಕೇಳಿದರು. ನಂಜಪ್ಪ ನನ್ನದು ಎಂದರಂತೆ. ಮುತ್ತಮ್ಮ ನಮ್ಮ ಮನೆಯದು ಎಂದಳಂತೆ. ಎರಡೂ ಅವರವರ ಮಟ್ಟಿಗೆ ಪ್ರಾಮಾಣಿಕ ಉತ್ತರಗಳೇ. ದಾಖಲೆಯ ಎದುರಿಟ್ಟರೆ ಎರಡೂ ಸುಳ್ಳು.

ಮೂರನೆಯವಳು ನಾನು. ಒಳಗೆ ಹೋಗುವ ಮೊದಲು ನಂಜಪ್ಪ ತಗ್ಗಿದ ದನಿಯಲ್ಲಿ, "ನಿಮಗೇನೂ ಗೊತ್ತಿಲ್ಲ ಅಂದ್ಬಿಡಿ. ನೀವು ಗೆಸ್ಟು" ಎಂದಿದ್ದರು.

ಅಧಿಕಾರಿಣಿ ನನ್ನ ಪಾಸ್‌ಪೋರ್ಟಿನ ಹಾಳೆಗಳನ್ನು ನಿಧಾನವಾಗಿ ಮಗುಚಿದಳು. ಕೋವಿಯ ಬಗ್ಗೆ ನನಗೇನು ಗೊತ್ತು ಎಂದು ಕೇಳಿದಳು. ಗೊತ್ತಿಲ್ಲ ಎಂದರೆ ನಂಜಪ್ಪ ಕಳ್ಳರಾಗಿಯೇ ಉಳಿಯುತ್ತಾರೆ. ಗೊತ್ತು ಎಂದರೆ ಕಾಗದವಿಲ್ಲದೆ ಕೈ ಬದಲಾದದ್ದು ಹೊರಬರುತ್ತದೆ. ನಾನು ಹೇಳಿದೆ: ನಾನು ಕಂಡದ್ದಲ್ಲ, ಕೇಳಿದ್ದು. ಹೇಳಿದವರು ಒಬ್ಬರೇ. ಕೊಂಡವರು ಅಣ್ಣ, ತೀರಿಕೊಂಡಿದ್ದಾರೆ. ಗಂಡಸರು ಸೇರಿ ತಮ್ಮನಿಗೆ ಕೊಟ್ಟರು. ಅವರ ಸಂಪ್ರದಾಯದಲ್ಲಿ ಕೋವಿ ಮನೆತನದ್ದು. ಆ ಹೆಂಗಸನ್ನು ಕೇಳಿದ್ದರೇ ಇಲ್ಲವೇ, ನನಗೆ ತಿಳಿಯದು.

ಅವಳು ಅಷ್ಟನ್ನೂ ಬರೆದುಕೊಂಡಳು. "ಬೇರೆ ಏನಾದರೂ ಇದೆಯೇ?"

ಹಜಾರದಿಂದ ಕಾರಿನವರೆಗಿನ ಹತ್ತು ಹನ್ನೆರಡು ಹೆಜ್ಜೆ ಇತ್ತು.

"ಇಲ್ಲ" ಎಂದೆ.

ಸುದ್ದಿಮನೆಯಲ್ಲಿ ಬೇರೆಯವರ ಪ್ರತಿಯಲ್ಲಿ ಇಂಥ ಒಂದು 'ಇಲ್ಲ' ಕಂಡಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ. ಈಗ ಪಾಸ್‌ಪೋರ್ಟು ಅವಳ ಮೇಜಿನ ಮೇಲಿತ್ತು. ಅದು ನನ್ನ ಕೈಗೆ ಮರಳಿ ಬರುವವರೆಗೆ ಬೇರೇನೂ ಯೋಚಿಸಲಿಲ್ಲ.

ಹೊರಗೆ ಬಂದಾಗ ಮುತ್ತಮ್ಮ ಕೇಳಿದಳು, "ಎಲ್ಲ ಹೇಳಿಬಿಟ್ಯಾ?"

"ಕೋವಿ ವಿಷಯ ಹೇಳಿದೆ."

"ಒಂದು ಕಡೆ ಫುಲ್‌ಸ್ಟಾಪ್ ಇಡೋಕೆ ಆಗ್ಲಿಲ್ವಾ ನಿಂಗೆ? ಇಡೀ ಜೀವನ ಅದೇ ಕೆಲಸ ಮಾಡಿದ್ಯಲ್ಲೇ!"

ನಂಜಪ್ಪ ನನ್ನ ಕಡೆ ನೋಡಲಿಲ್ಲ. "ಗೆಸ್ಟ್ ಅಂತ ಕರ್ಕೊಂಡ್ಬಂದ್ರೆ ಸಾಕ್ಷಿ ಆಗ್ಬಿಟ್ರು" ಎಂದು ಎದುರಿನ ಗೋಡೆಗೆ ಹೇಳಿದರು.

ಅಧಿಕಾರಿಣಿ ತಂಗಮ್ಮನವರಿಗೆ ಫೋನು ಮಾಡಿದ್ದಳು. ಈ ಮನುಷ್ಯನಿಗೆ ಕೋವಿ ನೀವೇ ಕೊಟ್ಟದ್ದೇ ಎಂದು ಕೇಳಿದ್ದಕ್ಕೆ ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಬರ್ತೀನಿ" ಎಂದಷ್ಟೇ ಹೇಳಿ ಇಟ್ಟರಂತೆ. ಸ್ಯಾನ್ ಡಿಯೇಗೊದಿಂದ ಒಂದೂವರೆ ಗಂಟೆಯ ದಾರಿ. ಬೆಂಕಿಯ ದಿನ ಇನ್ನೂ ಹೆಚ್ಚು.

ಕಾದೆವು. ಅವರು ಅಲ್ಲ ಎಂದರೆ ಕೌಂಟಿ ಪೊಲೀಸರಿಗೆ ಒಪ್ಪಿಸಬೇಕಾಗುತ್ತದೆ, ಕದ್ದ ಕೋವಿಯೆಂದು ದಾಖಲಾಗುತ್ತದೆ ಎಂದು ಎರಡನೆಯ ಅಧಿಕಾರಿ ಮೊದಲೇ ತಿಳಿಸಿದ್ದ. ಎಪ್ಪತ್ತರ ಹತ್ತಿರದ ನಂಜಪ್ಪ ಮೊಣಕಾಲಿನ ಮೇಲೆ ಕೈಯಿಟ್ಟು, ಪರೀಕ್ಷೆಯ ಕೋಣೆಯ ಹೊರಗೆ ಕಾಯುವವರ ಹಾಗೆ ಕೂತಿದ್ದರು. ಒಮ್ಮೆ ಮಾತ್ರ ಹೆಂಡತಿಯನ್ನು ಕೇಳಿದರು: "ಅವತ್ತು ತಿಥಿ ದಿನ ಅತ್ತಿಗೆ ಎಲ್ಲಿದ್ರು?"

ಮುತ್ತಮ್ಮ ತುಂಬ ಹೊತ್ತು ನೆನಪು ಮಾಡಿಕೊಂಡಳು. "ಅಡುಗೆಮನೇಲಿ" ಎಂದಳು. "ನಾನೂ ಅಲ್ಲೇ ಇದ್ದೆ. ನಿಮಗೆಲ್ಲ ಕಾಫಿ ಮಾಡ್ತಿದ್ವಿ."



ಮಧ್ಯಾಹ್ನ ಎರಡಾದ ಮೇಲೆ ಬಿಳಿ ಕಾರೊಂದು ಬಂದು ಅಡ್ಡಾದಿಡ್ಡಿಯಾಗಿ ನಿಂತಿತು. ಓಡಿಸಿಕೊಂಡು ಬಂದವರು ಎಪ್ಪತ್ತೆಂಟರ ತಂಗಮ್ಮ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಆರ್ಟೀಸಿಯಾದ ಸೀರೆ ಅಂಗಡಿಯ ಚೀಲ. ನಂಜಪ್ಪ ಎದ್ದು ನಿಂತು ಬಗ್ಗಿ ಕಾಲು ಮುಟ್ಟಲು ಹೋದರು. "ಆಮೇಲೆ" ಎಂದು ಅವರು ನೇರ ಮೇಜಿನ ಬಳಿ ಹೋದರು.

ಚೀಲದಿಂದ ಒಂದೊಂದೇ ಹೊರಬಂತು. ಕೊಂಡ ರಸೀದಿ. ಗಂಡನ ಮರಣಪತ್ರ. ಮದುವೆಯ ನೋಂದಣಿ ಪತ್ರ. ಕೋವಿಯನ್ನು ತಮ್ಮ ಹೆಸರಿಗೆ ಬದಲಿಸಿಕೊಂಡ ಅರ್ಜಿಯ ಪ್ರತಿ. ಕಡೆಗೆ ಫೋಟೊ ಇಲ್ಲದ ಸಣ್ಣದೊಂದು ಕಾರ್ಡು. ಕೋವಿ ಇಟ್ಟುಕೊಳ್ಳಲು ಇಲ್ಲಿ ಬರೆಯಬೇಕಾದ ಸುರಕ್ಷತಾ ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಕೊಡುವ ಕಾರ್ಡು.

"ಪರೀಕ್ಷೆ ನೀವೇ ಬರೆದಿರಾ?" ಅಧಿಕಾರಿಣಿ ಕೇಳಿದಳು.

"ಮತ್ತಿನ್ಯಾರು? ಎರಡು ತಪ್ಪಾಯ್ತು. ನಳಿಗೆ ವಿಷಯ ಕೇಳಿದ್ರು, ಅದರಲ್ಲಿ."

"ಇವರಿಗೆ ಕೋವಿ ಕೊಟ್ಟವರು ನೀವೇ?"

 ತಂಗಮ್ಮ ಹಿಂತಿರುಗಿ ನಂಜಪ್ಪನನ್ನು ನೋಡಿದರು.

"ನಾನು ಕೊಡ್ಲಿಲ್ಲ" ಎಂದರು ಇಂಗ್ಲಿಷಿನಲ್ಲಿ, ಬಿಡಿಸಿ ಬಿಡಿಸಿ. "ಇವನು ಕದೀಲೂ ಇಲ್ಲ. ಇವನು ನನ್ನ ಗಂಡನ ತಮ್ಮ. ನನ್ನ ಬೀರುವಿನ ಬೀಗದ ಕೈ ಎಲ್ಲಿರುತ್ತೆ ಅಂತ ಇವರಿಗೆಲ್ಲ ಗೊತ್ತು. ತಗೊಂಡ್ರು. ನಾನಿದ್ದೀನಿ ಅಂತ ಯಾರಿಗೂ ನೆನಪಾಗ್ಲಿಲ್ಲ. ಈಗ ನನ್ನ ಕೋವಿ ನನಗೆ ಕೊಡಿ, ಮನೆಗೆ ಹೋಗ್ತೀನಿ."

ಅಧಿಕಾರಿಣಿ ಒಳಕೋಣೆಗೆ ಹೋಗಿ ಯಾರೊಂದಿಗೋ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಹೊರಬಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕಾಗದವೊಂದರಲ್ಲಿ ಮಾಲೀಕರು ಎಂದಿದ್ದ ಕಡೆ ಬೆರಳು ತೋರಿಸಿದಳು. ತಂಗಮ್ಮ ಸಹಿ ಹಾಕಿದರು. ನಂಜಪ್ಪನಿಗೆ ಅವಳು ಹೇಳಿದ್ದು ಇಷ್ಟು: "ಇವತ್ತು ನಿಮ್ಮ ಅದೃಷ್ಟ, ಇವರು ಬಂದರು. ಇನ್ನೊಂದು ಸಲ ನನ್ನ ರಸ್ತೆಯಲ್ಲಿ ಬೇರೆಯವರ ಕೋವಿಯನ್ನು ನಿಮ್ಮದೆನ್ನಬೇಡಿ." ಮಡಿಕೇರಿಯ ಕಾಗದವನ್ನು ಮರಳಿಸಿದಳು. ತಂಗಮ್ಮನ ಕಡೆ ತಿರುಗಿ, "ಹಾರ ಒಳಗೇ ಇದೆ. ನಾವು ತೆಗೆಯಲಿಲ್ಲ" ಎಂದಳು.

ಸ್ಯಾನ್ ಡಿಯೇಗೊ

ಪಂದ್ಯದ ಮೈದಾನಕ್ಕೆ ನಾವು ಹೋಗಲಿಲ್ಲ. "ಪೂಜೆಗೆ ನಮ್ಮನೆಗೆ ಬನ್ನಿ" ಎಂದು ತಂಗಮ್ಮ ಹೇಳಿದ್ದು ಆಹ್ವಾನದಂತೆ ಕೇಳಲಿಲ್ಲ. ಬಿಳಿ ಕಾರಿನ ಹಿಂದೆ ನಮ್ಮ ಕಾರು. ಅವರು ಎಲ್ಲ ಕಡೆಯೂ ವೇಗದ ಮಿತಿಗಿಂತ ನಿಧಾನ ಹೋದರು. ನಂಜಪ್ಪ ಒಮ್ಮೆಯೂ ಹಿಂದಿಕ್ಕಲಿಲ್ಲ. ಬೂದಿಬಣ್ಣದ ಆಕಾಶ ಹಿಂದೆ ಉಳಿದು, ಇಳಿಜಾರಿನ ಕೊನೆಯಲ್ಲಿ ಸಮುದ್ರ ಕಂಡಾಗ ಮುತ್ತಮ್ಮ ಹೇಳಿದಳು, "ರಿಜಿಸ್ಟರ್ ಮಾಡಿಸಿದ್ದು ಯಾರಿಗೂ ಹೇಳ್ಲೇ ಇಲ್ವಲ್ರೀ ಅಕ್ಕ."

"ಕೇಳಿದ್ವಾ ನಾವು?" ಎಂದರು ನಂಜಪ್ಪ. ಸ್ವಲ್ಪ ದೂರ ಹೋದ ಮೇಲೆ, ಕನ್ನಡಿಯಲ್ಲಿ ನನ್ನನ್ನು ನೋಡಿ, "ಪೆಟ್ಟಿಗೆ ವಿಷಯ ಹೇಳಿದ್ರಾ ಶಾರದಾ ಅವರೆ?"

"ಇಲ್ಲ."

ಅವರು ತಲೆಯಾಡಿಸಿದರು. ಗದರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹಾಗಾಗಿ ಆ ಹೆಜ್ಜೆಗಳ ವಿಷಯ ಇಲ್ಲಿ ಬರೆಯುತ್ತಿದ್ದೇನೆ.

ತಂಗಮ್ಮನ ಮನೆ ಏರಿನ ಮೇಲಿತ್ತು. ರಸ್ತೆಯಿಂದ ಬಾಗಿಲಿಗೆ ಹದಿನಾಲ್ಕು ಮೆಟ್ಟಿಲು. ಅವರು ಡಿಕ್ಕಿ ತೆಗೆದು ಪೆಟ್ಟಿಗೆಯನ್ನು ಅರ್ಧ ಹೊರಗೆಳೆದರು. ಊರುಗೋಲು ಅಡ್ಡ ಬಂತು. ಹತ್ತಿರ ನಿಂತಿದ್ದವಳು ನಾನು.

"ಇದನ್ನೊಂಚೂರು ಹಿಡ್ಕೋ ಮಗ."

ನನ್ನೆರಡು ಕೈಗಳೂ ತಾವಾಗಿ ಬೆನ್ನ ಹಿಂದೆ ಹೋದವು. "ಆಗಲ್ಲ ಆಂಟಿ. ನಾನು ಟೂರಿಸ್ಟು."

"ಗೊತ್ತು ಗೊತ್ತು, ಪರೀಕ್ಷೇಲಿ ಓದಿದ್ದೆ" ಎಂದು ಅವರು ನಕ್ಕರು. ರಸ್ತೆಯಲ್ಲಿ ನಮ್ಮನ್ನು ತಡೆದ ಮೇಲೆ ಮೊದಲ ಸಲ ನಕ್ಕವರು ಅವರೇ. ಅಷ್ಟರಲ್ಲಿ ನಂಜಪ್ಪ ಮುಂದೆ ಬಂದು, ಅಭ್ಯಾಸದಿಂದ ಎರಡೂ ಕೈ ಚಾಚಿದರು. "ಕೊಡಿ ಅತ್ತಿಗೆ."

ತಂಗಮ್ಮ ಚಾಚಿದ ಆ ಕೈಗಳನ್ನು ನೋಡಿದರು. ಆಮೇಲೆ ಊರುಗೋಲನ್ನು ಅವುಗಳ ಮೇಲಿಟ್ಟರು. ಪೆಟ್ಟಿಗೆಯನ್ನು ಎದೆಗವಚಿಕೊಂಡು, ಮೆಟ್ಟಿಲಿನ ಸರಳಿಗೆ ಭುಜ ಒರಗಿಸಿ, ಒಂದೊಂದಾಗಿ ಹತ್ತತೊಡಗಿದರು. ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡರು. ಅವರ ಹಿಂದೆ ಒಂದು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಲು ಒಂದು ಕೈ ಸಿದ್ಧವಾಗಿಟ್ಟುಕೊಂಡು, ಇನ್ನೊಂದರಲ್ಲಿ ಊರುಗೋಲು ಹಿಡಿದು ನಂಜಪ್ಪ ಹತ್ತಿದರು. ಹದಿನಾಲ್ಕೂ ಹತ್ತುವವರೆಗೆ ಅವರು ಮತ್ತೆ ಕೈ ಚಾಚಲಿಲ್ಲ.